ಮಗಳು ಒಂದು ವರ್ಷ ಜಪಾನಿನಲ್ಲಿ ಬೇರೆಯವರ ಮನೆಯಲ್ಲಿ ಇರಬೇಕು. ಊಟ, ಸ್ನಾನ ಎಲ್ಲ ಹೇಗೆ?

ತೀರ್ಥಹಳ್ಳಿ ಅಮ್ಮ:

ಎಲ್ಲರಿಗೂ ನಮಸ್ಕಾರ. ಮಗಳು ಮೊದಲ ಪಿಯುಸಿ. ವಿದ್ಯಾರ್ಥಿ ವಿನಿಮಯದಲ್ಲಿ ಆಯ್ಕೆಯಾಗಿ ಮಾರ್ಚ್ ಕೊನೆಗೆ ಜಪಾನಿಗೆ ಹೊರಡುತ್ತಾಳೆ. ನಿಗಾಟಾ ಅನ್ನುವ ಪ್ರಾಂತ್ಯವಂತೆ. ಹಾಸ್ಟೆಲ್ ಅಲ್ಲ, ಒಂದು ಕುಟುಂಬದ ಜೊತೆ ಇರಬೇಕು. ಗಂಡ, ಹೆಂಡತಿ, ಇವಳ ವಯಸ್ಸಿನ ಒಬ್ಬ ಮಗಳು, ಅಜ್ಜಿ. ಫೋಟೋ ಕಳಿಸಿದ್ದಾರೆ. ನೋಡಿದರೆ ಒಳ್ಳೆಯವರ ಹಾಗೆ ಕಾಣುತ್ತಾರೆ.

ಆದರೂ ನನಗೆ ನಿದ್ದೆ ಬರುತ್ತಿಲ್ಲ. ನಾವು ಮೀನು, ಮಾಂಸ ತಿನ್ನುವವರಲ್ಲ. ಕೇಕಿನಲ್ಲಿ ಮೊಟ್ಟೆ ಇದ್ದರೆ ಇವಳು ತಿನ್ನುತ್ತಾಳೆ. ಹೊರಗೆ ಆಮ್ಲೆಟ್ಟೂ ತಿಂದಿದ್ದಾಳೆ ಅಂತ ಈ ಫಾರ್ಮ್ ತುಂಬುವಾಗ ಗೊತ್ತಾಯಿತು, ಇರಲಿ. ಫಾರ್ಮಿನಲ್ಲಿ ವೆಜಿಟೇರಿಯನ್ ಅಂತ ಬರೆದಿದ್ದೇವೆ. ಅಷ್ಟು ಸಾಕಾ?

ಇನ್ನೊಂದು ವಿಷಯ. ಆ ಮನೆಯವರು ನಮ್ಮಿಂದ ಒಂದು ರೂಪಾಯಿಯನ್ನೂ ತೆಗೆದುಕೊಳ್ಳುವುದಿಲ್ಲವಂತೆ. ದುಡ್ಡು ತೆಗೆದುಕೊಳ್ಳದೆ ಯಾರಾದರೂ ಪರರ ಮಗುವನ್ನು ವರ್ಷಗಟ್ಟಲೆ ಯಾಕೆ ಇಟ್ಟುಕೊಳ್ಳುತ್ತಾರೆ, ಮನೆಕೆಲಸಕ್ಕಾ? ಇದು ನಮ್ಮ ಅತ್ತೆಯವರ ಪ್ರಶ್ನೆ. ನನ್ನ ಹತ್ತಿರವೂ ಉತ್ತರ ಇಲ್ಲ. ಮನೆಯವರೆಲ್ಲ ಒಂದೇ ತೊಟ್ಟಿ ನೀರಲ್ಲಿ ಸ್ನಾನ ಮಾಡುತ್ತಾರೆ ಅಂತ ಯೂಟ್ಯೂಬಿನಲ್ಲಿ ನೋಡಿದೆ. ನಿಜವಾ? ಚಿಕ್ಕ ಮಿಕ್ಸಿ, ಕುಕ್ಕರ್, ಸಾರಿನ ಪುಡಿ, ಒಗ್ಗರಣೆ ಸಾಮಾನು ಕಳಿಸೋಣ ಅಂದುಕೊಂಡಿದ್ದೇನೆ. ಅಲ್ಲಿ ಇದ್ದು ಬಂದವರು ದಯವಿಟ್ಟು ಹೇಳಿ.

ನಾಗಾವೊಕಾ ಹುಡುಗಿ, ತುಮಕೂರು:

ಆಂಟಿ, ನಾನು ಹೈಸ್ಕೂಲ್ ವಿನಿಮಯದಲ್ಲಿ ನಿಗಾಟಾ ಪ್ರಾಂತ್ಯದ ನಾಗಾವೊಕಾ ಊರಿನಲ್ಲಿ ಇದ್ದು ಬಂದವಳು. ನಮ್ಮದೂ ಮೀನು ಬೇಯಿಸದ ಮನೆ. ಹಾಗಾಗಿ ಊಟದಿಂದಲೇ ಶುರು ಮಾಡುತ್ತೇನೆ.

ವೆಜಿಟೇರಿಯನ್ ಅಂತ ಬರೆದರೆ ಸಾಲದು. ಆ ಮನೆಯವರು ತಟ್ಟೆಯಲ್ಲಿ ಮೀನಿನ ತುಂಡು ಇಡುವುದಿಲ್ಲ, ಅಷ್ಟರಮಟ್ಟಿಗೆ ಅರ್ಥ ಮಾಡಿಕೊಳ್ಳುತ್ತಾರೆ. ಕಣ್ಣಿಗೆ ಕಾಣದ ಮೀನಿನದ್ದೇ ತೊಂದರೆ. ಜಪಾನಿನ ಅಡುಗೆಗೆ ದಾಶಿ ಅನ್ನುವ ರಸ ಬುನಾದಿ. ಸಾಮಾನ್ಯವಾಗಿ ಅದನ್ನು ಕತ್ಸುಒಬುಶಿಯಿಂದ ಮಾಡುತ್ತಾರೆ. ಅಂದರೆ ಬೇಯಿಸಿ, ಹೊಗೆ ಹಾಕಿ, ಕಲ್ಲಿನಂತೆ ಒಣಗಿಸಿದ ಮೀನು. ಅದನ್ನು ಹೆರೆದರೆ ಬಡಗಿಯ ಕೀಸುಳಿಯಿಂದ ಉದುರುವ ಹೆರೆಯಂತೆ ತೆಳ್ಳಗೆ ಸುರುಳಿ ಬರುತ್ತದೆ. ಮಿಸೋ (ಹುದುಗಿಸಿದ ಸೋಯಾ ಹಿಟ್ಟು) ಸೂಪು, ಬೇಯಿಸಿದ ಕುಂಬಳಕಾಯಿ, ನೂಡಲ್ಸಿನ ರಸ, ತೆಂಪುರಾ (ನಮ್ಮ ಬಜ್ಜಿಯಂಥದ್ದು) ಅದ್ದಿಕೊಳ್ಳುವ ಸಾಸು, ಎಲ್ಲದರಲ್ಲೂ ಅದು ಇರುತ್ತದೆ. ಅಡುಗೆ ಮಾಡುವವರಿಗೆ ಅದು ಮೀನು ಅಂತ ತಲೆಗೇ ಹೋಗುವುದಿಲ್ಲ. ನಮಗೆ ಇಂಗು ಹಾಕಿದ್ದು ಲೆಕ್ಕಕ್ಕೆ ಬರುತ್ತದಾ, ಇಲ್ಲ ಅಲ್ವಾ.

ಆದ್ದರಿಂದ ಈಗಲೇ ಆ ಮನೆಗೆ ಒಂದು ಮೇಲ್ ಬರೆಯಿರಿ. ತಿನ್ನದ ಪದಾರ್ಥಗಳನ್ನು ಒಂದೊಂದಾಗಿ ಹೆಸರು ಹಿಡಿದು ಬರೆಯಿರಿ. ಮೊದಲ ಸಾಲಿನಲ್ಲೇ ಮೀನಿನ ದಾಶಿ ಇರಲಿ. ತಿನ್ನುವುದನ್ನೂ ಬರೆಯಿರಿ, ಆ ಆಮ್ಲೆಟ್ ಸೇರಿಸಿ! ಬೆಳಿಗ್ಗೆ ಬೆಂತೊ ಡಬ್ಬಿ ಕಟ್ಟುವ ತಾಯಿಗೆ ಮೊಟ್ಟೆ ನಡೆಯುತ್ತದೆ ಅಂದರೆ ಅರ್ಧ ಭಾರ ಇಳಿದಂತೆ.

ಮೀನಿಲ್ಲದ ದಾಶಿಯೂ ಇದೆ. ಕೊಂಬು ಅನ್ನುವ ಕಡಲ ಪಾಚಿ ಅಥವಾ ಒಣಗಿದ ಶಿಇತಾಕೆ ಅಣಬೆಯಿಂದ ಮಾಡುತ್ತಾರೆ. ನಮ್ಮ ಒಕಾಸಾನ್ (ಆ ಮನೆಯ ಅಮ್ಮನನ್ನು ನಾನು ಹಾಗೇ ಕರೆಯುತ್ತಿದ್ದೆ) ರಾತ್ರಿ ಮಲಗುವ ಮುಂಚೆ ನೀರಿನ ಜಗ್ಗಿನಲ್ಲಿ ಅಂಗೈ ಅಗಲದ ಕೊಂಬು ತುಂಡು ಹಾಕಿ ಫ್ರಿಜ್ಜಿನಲ್ಲಿ ಇಡುತ್ತಿದ್ದರು. ಬೆಳಿಗ್ಗೆ ಅದೇ ನೀರಿನಲ್ಲಿ ಇಡೀ ಮನೆಗೆ ಮಿಸೋ ಸೂಪು. ಮನೆಯ ತಾತನಿಗೆ ಅದು ಸಪ್ಪೆ. ಅವರು ಬಾಯಿಬಿಟ್ಟು ಏನೂ ಅನ್ನುತ್ತಿರಲಿಲ್ಲ. ಕತ್ಸುಒಬುಶಿಯ ಪೊಟ್ಟಣವನ್ನು ಪಕ್ಕದಲ್ಲೇ ಇಟ್ಟುಕೊಂಡು, ತಮ್ಮ ಬಟ್ಟಲಿಗೆ ಮಾತ್ರ ಒಂದು ಹಿಡಿ ಉದುರಿಸಿ, ನನ್ನ ಕಡೆ ನೋಡಿ ನಗುತ್ತಿದ್ದರು. ಒಂದೇ ಪಾತ್ರೆಯಲ್ಲಿ ಎಲ್ಲರಿಗೂ ಆಯಿತು.

ಕೊಂಚ ಕಟುವಾಗಿ ಅನಿಸಬಹುದು, ಆದರೂ ಹೇಳುತ್ತೇನೆ. ದಾಶಿ ನಡೆಯುತ್ತದಾ ಇಲ್ವಾ ಅಂತ ನಿಮ್ಮ ಮಗಳೇ ನಿರ್ಧರಿಸಬೇಕು, ಅದೂ ಇಲ್ಲಿಂದ ಹೊರಡುವ ಮುಂಚೆ. ಬೇರೆ ಊರುಗಳಿಗೆ ಹೋದ ನಮ್ಮ ಗುಂಪಿನ ಕೆಲವರು ದಾಶಿಗೆ ಕಣ್ಣುಮುಚ್ಚಿಕೊಂಡರು. ಅದು ಅವರ ಇಷ್ಟ. ಇವತ್ತು ಪರವಾಗಿಲ್ಲ, ನಾಳೆ ಬೇಡ ಅಂದರೆ ಮಾತ್ರ ಬೇಯಿಸುವವರಿಗೆ ತಲೆ ಕೆಡುತ್ತದೆ. ಅದಕ್ಕಿಂತ ಕೆಟ್ಟದ್ದು ನಮ್ಮವರ ಸಂಕೋಚ. 'ಏನಾದ್ರೂ ಪರವಾಗಿಲ್ಲ ಆಂಟಿ, ನಂಗೆ ಹಸಿವಿಲ್ಲ' ಅನ್ನುತ್ತೇವಲ್ಲ, ಅದು. ಅವರೂ ನಮ್ಮ ಹಾಗೇ ಸಂಕೋಚದ ಜನ. ಎರಡೂ ಕಡೆ ಸಂಕೋಚ ಆದರೆ ಮಗು ಬರೀ ಅನ್ನ ತಿಂದು ಮಲಗುತ್ತದೆ, ಆ ತಾಯಿ ಅಡುಗೆಮನೆಯಲ್ಲಿ ಕೊರಗುತ್ತಾರೆ.

ಮೊದಲ ರಾತ್ರಿ ಬಹುಶಃ ಪ್ರೀತಿಯಿಂದ ಕರಿ ಮಾಡಿರುತ್ತಾರೆ, ಇಂಡಿಯಾದ ಹುಡುಗಿ ಬಂದಿದ್ದಾಳಲ್ಲ ಅಂತ! ಅಲ್ಲಿ ಸಿಗುವ, ನೀರಿಗೆ ಹಾಕಿ ಕರಗಿಸುವ ಕರಿ ಮಸಾಲೆ ಗಟ್ಟಿಗಳಲ್ಲಿ ಸಾಮಾನ್ಯವಾಗಿ ದನದ ಅಥವಾ ಹಂದಿಯ ಕೊಬ್ಬು ಇರುತ್ತದೆ. ನಮ್ಮಲ್ಲಿಯ ಹಸಿರು ಚುಕ್ಕೆ ಅಲ್ಲಿ ಇಲ್ಲ. ಪೊಟ್ಟಣದ ಹಿಂದಿನ ಅಕ್ಷರ ಓದಲು ಬರುವವರೆಗೆ ಕೇಳಿಯೇ ತಿನ್ನಬೇಕು. ಇದನ್ನೂ ಆ ಮೇಲ್‌ನಲ್ಲಿ ಬರೆದುಬಿಡಿ.

ತಿನ್ನಲು ಬೇಕಾದಷ್ಟಿದೆ, ಹೆದರಬೇಡಿ. ತೋಫು, ಎಳ್ಳು ಹಾಕಿದ ಪಾಲಕ್, ಉಪ್ಪಿನ ಜೊತೆ ತರಕಾರಿ ತೆಂಪುರಾ. ಬೇಸಿಗೆಯಲ್ಲಿ ಬೋಗುಣಿ ತುಂಬ ಎಡಮಾಮೆ, ಅಂದರೆ ಹಸಿ ಸೋಯಾ ಕಾಯಿ. ನಿಗಾಟಾದವರಿಗೆ ಅದೆಂದರೆ ಪ್ರಾಣ. ಬಿದಿರೆಲೆಯಲ್ಲಿ ಸುತ್ತಿದ ಸಾಸಾದಾಂಗೊ ಅಂತ ಸಿಹಿ ಕಡುಬು ಇದೆ, ಒಳಗೆ ಕೆಂಪು ಕಾಳಿನ ಹೂರಣ. ಅಕ್ಕಿಯಂತೂ ನಿಗಾಟಾದ ಕೊಶಿಹಿಕಾರಿ, ದೇಶಕ್ಕೇ ಹೆಸರಾದದ್ದು. ಅನ್ನ ಅಂಟಂಟು. ಸಾರು ಕಲಸಲು ಹೋದರೆ ಉಂಡೆ ಆಗುತ್ತದೆ, ಮೊಸರನ್ನಕ್ಕೆ ಮಾತ್ರ ಅದರಂಥ ಅಕ್ಕಿ ಇಲ್ಲ.

ಇನ್ನು ಸ್ನಾನ. ಒಂದೇ ತೊಟ್ಟಿ ನೀರು, ನಿಜ. ಆದರೆ ಆ ನೀರಲ್ಲಿ ಯಾರೂ ಮೈ ತೊಳೆಯುವುದಿಲ್ಲ. ತೊಟ್ಟಿಯ ಹೊರಗೆ ಪುಟ್ಟ ಸ್ಟೂಲಿನ ಮೇಲೆ ಕೂತು, ಸೋಪು, ಶಾಂಪೂ ಎಲ್ಲ ಮುಗಿಸಿ, ನೊರೆ ಪೂರ್ತಿ ಹೋಗುವ ಹಾಗೆ ತೊಳೆದುಕೊಂಡು, ಆಮೇಲೆ 40-42 ಡಿಗ್ರಿ ಬಿಸಿನೀರಿನಲ್ಲಿ ಸುಮ್ನೆ ಕೂರುವುದು. ಉದ್ದ ಕೂದಲಿದ್ದರೆ ಮೇಲೆ ಕಟ್ಟಿಕೊಳ್ಳಬೇಕು. ಎದ್ದ ಮೇಲೆ ನೀರು ಬಿಡಬಾರದು, ಮುಚ್ಚಳ ಮುಚ್ಚಿ ಬರಬೇಕು. ಮುಂದಿನವರು ಕಾಯುತ್ತಿರುತ್ತಾರೆ. ನಾನಿದ್ದ ಮನೆಯಲ್ಲಿ ಬೆಳಿಗ್ಗೆ ಆ ನೀರನ್ನು ಪೈಪ್ ಹಾಕಿ ವಾಷಿಂಗ್ ಮೆಷಿನ್ನಿಗೆ ಎಳೆಯುತ್ತಿದ್ದರು. ತಿಂಗಳ ದಿನಗಳಲ್ಲಿ ತೊಟ್ಟಿಗೆ ಇಳಿಯದೆ ಶವರ್ ಮಾಡಿದರಾಯಿತು. ಒಕಾಸಾನ್‌ಗೆ ಒಂದು ಮಾತು ಹೇಳಿದರೆ ಸಾಕು, ಅಲ್ಲಿಯ ಹುಡುಗಿಯರೂ ಹಾಗೇ ಮಾಡುತ್ತಾರೆ. ತಲೆಗೆ ಕೊಬ್ಬರಿ ಎಣ್ಣೆ ಹಚ್ಚುವ ಅಭ್ಯಾಸ ಇದ್ದರೆ ದಿಂಬಿನ ಮೇಲೆ ಟವೆಲ್ ಹಾಸಿಕೊಳ್ಳಲಿ.

ಅತ್ತೆಯವರ ಪ್ರಶ್ನೆ ನನಗೆ ತುಂಬಾ ಇಷ್ಟವಾಯಿತು. ಹೈಸ್ಕೂಲ್ ವಿನಿಮಯದಲ್ಲಿ ಹೆಚ್ಚಾಗಿ ಹೀಗೇ, ದುಡ್ಡು ತೆಗೆದುಕೊಳ್ಳುವುದಿಲ್ಲ. ನಾನಿದ್ದ ಮನೆಯವರಿಗೆ ತಮ್ಮ ಮಗಳು ಇನ್ನೊಂದು ದೇಶದವಳ ಜೊತೆ ಬೆಳೆಯಲಿ ಅಂತ ಆಸೆ ಇತ್ತು, ಅಷ್ಟೇ. ಮನೆಕೆಲಸ ಇತ್ತಾ? ಇತ್ತು, ಅವರ ಮಗಳಿಗೆ ಇದ್ದಷ್ಟೇ. ಬೆಳಿಗ್ಗೆ ಹಾಸಿಗೆ ಮಡಚಿ ಗೂಡಿಗೆ ಸೇರಿಸುವುದು, ಸರದಿ ಪ್ರಕಾರ ತೊಟ್ಟಿ ಉಜ್ಜುವುದು, ಕಸ ಬೇರೆ ಮಾಡಿ ಅದರದರ ದಿನಕ್ಕೆ ಹೊರಗಿಡುವುದು. ಎಲ್ಲಕ್ಕಿಂತ ಮುಖ್ಯ, ಸ್ಕೂಲಿಂದ ಬಂದ ತಕ್ಷಣ ಬ್ಯಾಗಿನಿಂದ ಬೆಂತೊ ಡಬ್ಬಿ ತೆಗೆದು ಸಿಂಕಿಗೆ ಹಾಕುವುದು. ರಾತ್ರಿ ಹತ್ತಕ್ಕೆ ನೆನಪಾಗಿ ಡಬ್ಬಿ ತಂದಿಟ್ಟರೆ ಯಾವ ದೇಶದ ಅಮ್ಮನಿಗಾದರೂ ಸಿಟ್ಟು ಬರುತ್ತದೆ. ಬರುವುದು ತಡವಾದರೆ, ರಾತ್ರಿ ಊಟ ಬೇಡವಾದರೆ ಲೈನ್ ಆ್ಯಪಿನಲ್ಲಿ ಸಂಜೆಯೊಳಗೆ ಒಂದು ಮೆಸೇಜ್. ಹೇಳದೆ ತಡ ಮಾಡಿದರೆ ಯಾರೂ ಬೈಯುವುದಿಲ್ಲ, ಆದರೆ ಯಾರೂ ಮರೆಯುವುದೂ ಇಲ್ಲ.

ಅನ್ನದಲ್ಲಿ ಊಟದ ಕಡ್ಡಿ ನೆಟ್ಟಗೆ ನಿಲ್ಲಿಸಬಾರದು, ಕಡ್ಡಿಯಿಂದ ಕಡ್ಡಿಗೆ ಏನನ್ನೂ ದಾಟಿಸಬಾರದು. ಎರಡೂ ಸಾವಿನ ಮನೆಯ ಕ್ರಮ.

ಹುಬ್ಬಳ್ಳಿ ಮಂದಿ, ಟೋಕಿಯೋ:

ಅಕ್ಕಾರೆ, ಮಿಕ್ಸಿ ಬಿಟ್ಟುಬಿಡಿ. ಇಲ್ಲಿ ಕರೆಂಟು 100 ವೋಲ್ಟ್. ನಮ್ಮ 230 ವೋಲ್ಟಿನ ಮಿಕ್ಸಿ ಇಲ್ಲಿ ಸರಿಯಾಗಿ ತಿರುಗುವುದೇ ಇಲ್ಲ. ಫೋನ್ ಚಾರ್ಜರ್ ನಡೆಯುತ್ತದೆ, ಎರಡು ಚಪ್ಪಟೆ ಕಡ್ಡಿಯ ಅಡಾಪ್ಟರ್ ಕೊಡಿ. ಎಷ್ಟೋ ಮನೆಗಳಲ್ಲಿ ಒಲೆ ಇಂಡಕ್ಷನ್, ತಳ ಅಲ್ಯೂಮಿನಿಯಂ ಆದ ಕುಕ್ಕರ್ ಬಿಸಿಯೇ ಆಗುವುದಿಲ್ಲ.

ಸಾಸಿವೆ, ತೊಗರಿಬೇಳೆ, ಇಂಗು ಟೋಕಿಯೋದ ನಿಶಿ-ಕಸಾಯ್ ಕಡೆ ನಮ್ಮ ಜನರ ಅಂಗಡಿಗಳಲ್ಲಿ ಸಿಗುತ್ತವೆ. ಆನ್‌ಲೈನಿನಲ್ಲಿ ತರಿಸಿದರೆ ನಿಗಾಟಾಕ್ಕೂ ಬರುತ್ತವೆ. ಸಾರಿನ ಪುಡಿ ಮಾತ್ರ ಮನೆಯದೇ ಕಳಿಸಿ. ಹಸಿ ಕರಿಬೇವು, ಹಣ್ಣು, ತರಕಾರಿ ಬ್ಯಾಗಿನಲ್ಲಿ ಬೇಡವೇ ಬೇಡ, ವಿಮಾನ ನಿಲ್ದಾಣದಲ್ಲೇ ಹಿಡಿಯುತ್ತಾರೆ.

ಔಷಧಿ ಬಗ್ಗೆ ಯಾರೂ ಹೇಳುವುದಿಲ್ಲ, ನಾನು ಹೇಳುತ್ತೇನೆ. ಡಾಕ್ಟರ್ ಚೀಟಿಯ ಮಾತ್ರೆ ಒಂದು ತಿಂಗಳಿಗೆ ಆಗುವಷ್ಟು, ಚೀಟಿ ಇಲ್ಲದೆ ಸಿಗುವಂಥದ್ದು ಎರಡು ತಿಂಗಳಿಗೆ ಆಗುವಷ್ಟು ತರಬಹುದು. ಅದಕ್ಕಿಂತ ಜಾಸ್ತಿ ಬೇಕಿದ್ದರೆ ಮೊದಲೇ ಅರ್ಜಿ ಹಾಕಿ ಅನುಮತಿ ಪಡೆಯಬೇಕು. ನೆಗಡಿ ಮಾತ್ರೆಯಲ್ಲಿ ಸೂಡೋಎಫೆಡ್ರಿನ್ ಶೇಕಡಾ 10ಕ್ಕಿಂತ ಹೆಚ್ಚಿದ್ದರೆ ತರುವಂತೆಯೇ ಇಲ್ಲ. ಹಾಳೆಯ ಹಿಂದೆ ಓದಿ ಪ್ಯಾಕ್ ಮಾಡಿ. ಬಂದು ನೆಲೆಸಿದ 14 ದಿನದೊಳಗೆ ನಗರ ಕಚೇರಿಯಲ್ಲಿ ವಿಳಾಸ ಬರೆಸಬೇಕು. ಸಾಮಾನ್ಯವಾಗಿ ಮನೆಯವರೇ ಕರೆದುಕೊಂಡು ಹೋಗುತ್ತಾರೆ.

ಮಗನ ಅಪ್ಪ, ಮೈಸೂರು:

ಮೇಡಂ, ಎಲ್ಲರೂ ಸಿಹಿ ಹೇಳಿದರು. ನಮ್ಮ ಅನುಭವ ಬೇರೆ. ಮಗನಿಗೆ ಸಿಕ್ಕ ಮೊದಲ ಮನೆಯಲ್ಲಿ ಗಂಡ ಹೆಂಡತಿ ಇಬ್ಬರೂ ರಾತ್ರಿ ಒಂಬತ್ತಕ್ಕೆ ಬರುತ್ತಿದ್ದರು. ಕೆಟ್ಟವರಲ್ಲ, ಸಮಯ ಇಲ್ಲದವರು. ಹುಡುಗ ಒಬ್ಬನೇ ಕೂತು ಅಂಗಡಿಯ ಒನಿಗಿರಿ (ಅನ್ನದ ಉಂಡೆ) ತಿನ್ನುತ್ತಿದ್ದ. ನಮಗೆ ಹೇಳಲಿಲ್ಲ, ಬೇಜಾರಾಗುತ್ತದೆ ಅಂತ. ಕೊನೆಗೆ ಆ ಊರಿನಲ್ಲೇ ಇದ್ದ ಕಾರ್ಯಕ್ರಮದ ಸ್ವಯಂಸೇವಕಿಗೆ ಹೇಳಿದ ಮೇಲೆ ಬೇರೆ ಮನೆಗೆ ಕಳಿಸಿದರು. ಅಲ್ಲಿ ಇಬ್ಬರು ತಮ್ಮಂದಿರು, ಒಂದು ನಾಯಿ, ಗಲಾಟೆಯೋ ಗಲಾಟೆ. ಇವನಿಗೆ ಬೇಕಾಗಿದ್ದದ್ದು ಅದೇ.

ಮನೆ ಬದಲಾಯಿಸುವುದು ಅವಮಾನ ಅಲ್ಲ. ರೋಟರಿಯ ವಿನಿಮಯದಲ್ಲಂತೂ ಒಂದೇ ವರ್ಷದಲ್ಲಿ ಒಂದಕ್ಕಿಂತ ಜಾಸ್ತಿ ಮನೆಯಲ್ಲಿ ಇರುವುದೇ ಪದ್ಧತಿ. ಸ್ಥಳೀಯ ಸ್ವಯಂಸೇವಕರ ನಂಬರ್ ನಿಮ್ಮ ಹತ್ತಿರವೂ ಇರಲಿ, ಮಗಳ ಹತ್ತಿರವೂ ಇರಲಿ. ಆದರೆ ದಿನಾ ವಿಡಿಯೋ ಕಾಲ್ ಮಾಡಬೇಡಿ. ನಮ್ಮ ಮನೆಯವರು ಹಾಗೆ ಮಾಡಿ, ಪಾಪ, ಆ ಹುಡುಗ ರೂಮಿನ ಬಾಗಿಲು ಹಾಕಿಕೊಂಡು ನಮ್ಮ ಜೊತೆಯೇ ಕೂತಿರುತ್ತಿದ್ದ. ವಾರಕ್ಕೊಮ್ಮೆ ಸಾಕು.

ತೀರ್ಥಹಳ್ಳಿ ಅಮ್ಮ:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಅತ್ತೆಯವರಿಗೆ ಓದಿ ಹೇಳಿದೆ. ತೊಟ್ಟಿ ಉಜ್ಜುವ ವಿಷಯ ಕೇಳಿ ಅವರಿಗೆ ಖುಷಿಯಾಯಿತು, ಅಲ್ಲಾದರೂ ಕಲಿಯಲಿ ಅಂದರು. ಮೇಲ್ ಬರೆದಿದ್ದೇವೆ. ಮಗಳು ಮೀನಿನ ದಾಶಿ ಬೇಡ ಅಂತ ತಾನೇ ಹೇಳಿದಳು. ಇನ್ನು ಎರಡು ಪ್ರಶ್ನೆ. ಹಿಮ ತುಂಬಾ ಅಂತೆ, ಸ್ವೆಟರ್ ಎಲ್ಲ ಇಲ್ಲಿಂದಲೇ ತರಬೇಕಾ? ಆ ಮನೆಗೆ ಏನು ಕೊಡೋಣ? ಮೈಸೂರು ಪಾಕ್ ಅಂದುಕೊಂಡಿದ್ದೇನೆ.

ನಾಗಾವೊಕಾ ಹುಡುಗಿ, ತುಮಕೂರು:

ಆಂಟಿ, ಚಳಿಗಾಲದ ಜಾಕೆಟ್ ಅಲ್ಲೇ ತೆಗೆದುಕೊಳ್ಳಲಿ. ಬೆಂಗಳೂರಿನ ಮಾಲಿನ ಜಾಕೆಟ್ ಅಲ್ಲಿಯ ನವೆಂಬರ್‌ಗೂ ಸಾಲದು. ನಾಗಾವೊಕಾದಲ್ಲಿ ರಸ್ತೆ ಮಧ್ಯೆ ಸಾಲಾಗಿ ಪೈಪಿನ ತೂತುಗಳಿವೆ. ಹಿಮ ಬಿದ್ದಾಗ ಅಲ್ಲಿಂದ ಅಂತರ್ಜಲ ಚಿಮ್ಮಿ ಹಿಮ ಕರಗಿಸುತ್ತದೆ. ನೀರಿನಲ್ಲಿ ಕಬ್ಬಿಣದ ಅಂಶ ಇರುವುದರಿಂದ ರಸ್ತೆಯೆಲ್ಲ ಕೆಂಪು ಕೆಂಪು. ನಡೆಯುವವರ ಕಾಲಿಗೂ ಎರಚುತ್ತದೆ. ಅದಕ್ಕೆ ಮೊಣಕಾಲವರೆಗಿನ ರಬ್ಬರ್ ಬೂಟು ಬೇಕು, ಅದೂ ಅಲ್ಲೇ ಸಿಗುತ್ತದೆ. ಪಾದ ದೊಡ್ಡದಿದ್ದರೆ ಮಾತ್ರ ಮಾಮೂಲಿ ಶೂ ಇಲ್ಲಿಂದ ಒಂದು ಜೊತೆ ಜಾಸ್ತಿ ಕೊಡಿ. ಹುಡುಗಿಯರ ಶೂ 25 ಸೆಂಟಿಮೀಟರ್ ದಾಟಿದರೆ ಹುಡುಕಬೇಕಾಗುತ್ತದೆ. ಮನೆಯೊಳಗೆ ಸೀಮೆಎಣ್ಣೆ ಹೀಟರ್ ಇರುತ್ತದೆ. ಮಲಗುವಾಗ ಆರಿಸುತ್ತಾರೆ, ಹಾಗಾಗಿ ಒಳಗೆ ಹಾಕಿಕೊಳ್ಳುವ ಥರ್ಮಲ್ ಎರಡು ಜೊತೆ ಇರಲಿ.

ಮೈಸೂರು ಪಾಕ್ ಅವರಿಗೆ ವಿಪರೀತ ಸಿಹಿ. ಒಂದು ತುಂಡು ತಿಂದು, ಚೆನ್ನಾಗಿದೆ ಅಂತ ಹೇಳಿ, ಡಬ್ಬಿ ಮುಚ್ಚಿಡುತ್ತಾರೆ. ಕಾಫಿ ಪುಡಿ ಕೊಡಿ, ಜೊತೆಗೆ ಒಂದು ಸ್ಟೀಲ್ ಫಿಲ್ಟರ್. ಡಿಕಾಕ್ಷನ್ ಇಳಿಸುವುದನ್ನು ಮಗಳು ಇಲ್ಲೇ ಕಲಿತು ಹೋಗಲಿ. ಆ ಮನೆಯ ಹುಡುಗಿಗೆ ಚನ್ನಪಟ್ಟಣದ ಬಳೆ, ಅಜ್ಜಿಗೆ ಮೈಸೂರು ಸ್ಯಾಂಡಲ್ ಸೋಪು. ಸ್ಕೂಲಿನವರಿಗೆ ಹಂಚಲು ಒಂದೊಂದೇ ಕಾಗದದಲ್ಲಿ ಸುತ್ತಿದ ಕಡಲೆ ಚಿಕ್ಕಿ ಆಗಬಹುದು. ಆದರೆ ಕಡಲೆಕಾಯಿ ಅಲರ್ಜಿ ಇರುವ ಮಕ್ಕಳು ಇದ್ದಾರಾ ಅಂತ ಟೀಚರನ್ನು ಕೇಳಿ ಆಮೇಲೆ ಹಂಚಲಿ.