ವಿಚ್ಛೇದನ ಪ್ರಕರಣದಲ್ಲಿ ಮಧ್ಯಸ್ಥಿಕೆ: ತಿಳಿದವರ ಸಲಹೆ ಬೇಕು

ಸದಸ್ಯರೆಲ್ಲರಿಗೂ ನಮಸ್ಕಾರ. ಧಾರವಾಡದ ತವರಿನಲ್ಲಿರುವ ನನ್ನ ತಂಗಿಯೂ ಬೆಂಗಳೂರಿನಲ್ಲಿರುವ ಅವಳ ಪತಿಯೂ ಬೇರೆಯಾಗಲು ಒಪ್ಪಿದ್ದಾರೆ. ಆದರೆ ಮಗನ ಪಾಲನೆ, ಅವನ ಶಾಲೆಯ ಖರ್ಚು ಮತ್ತು ಮದುವೆಯಲ್ಲಿ ಕೊಟ್ಟ ಬಂಗಾರದ ವಿಷಯದಲ್ಲಿ ಮಾತು ಮುರಿದು, ಪ್ರಕರಣವು ಬೆಂಗಳೂರಿನ ಕೌಟುಂಬಿಕ ನ್ಯಾಯಾಲಯದಲ್ಲಿದೆ. ಎರಡೂ ಕಡೆಯ ಹಿರಿಯರು ಪರಿಚಿತ ವಕೀಲರೊಬ್ಬರನ್ನು ಆರ್ಬಿಟ್ರೇಟರ್ (ಎರಡೂ ಕಡೆಯವರ ಮಾತು ಕೇಳಿ ತಾವೇ ತೀರ್ಪು ಕೊಡುವ ಖಾಸಗಿ ತೀರ್ಪುಗಾರ) ಎಂದು ಒಪ್ಪಿಕೊಂಡು, ಅವರ ತೀರ್ಮಾನಕ್ಕೆ ಛಾಪಾ ಕಾಗದದ ಮೇಲೆ ಸಹಿ ಹಾಕಿದರೆ ಸಾಕೆನ್ನುತ್ತಿದ್ದಾರೆ. ನನಗೆ ಇದು ಸರಿಕಾಣುತ್ತಿಲ್ಲ. ವಿಚ್ಛೇದನ, ಮಕ್ಕಳ ಪಾಲನೆಯಂತಹ ವಿವಾದಗಳನ್ನು ಆರ್ಬಿಟ್ರೇಷನ್ ಮೂಲಕ ತೀರ್ಮಾನಿಸಲಾಗದೆಂದು ಸುಪ್ರೀಂ ಕೋರ್ಟ್ 2011ರ ಬೂಜ್ ಅಲೆನ್ ತೀರ್ಪಿನಲ್ಲಿ ಹೇಳಿದೆ. 1984ರ ಕೌಟುಂಬಿಕ ನ್ಯಾಯಾಲಯಗಳ ಕಾಯ್ದೆಯ 9ನೇ ಕಲಮಿನಂತೆ ನ್ಯಾಯಾಲಯವೇ ರಾಜಿಗೆ ಪ್ರಯತ್ನಿಸಬೇಕಿರುವುದರಿಂದ, ಪ್ರಕರಣವನ್ನು ಮಧ್ಯಸ್ಥಿಕೆ ಕೇಂದ್ರಕ್ಕೆ (ಅಲ್ಲಿ ಮಧ್ಯಸ್ಥರು ತೀರ್ಪು ಕೊಡದೆ, ಇಬ್ಬರೂ ತಾವೇ ಒಪ್ಪಂದಕ್ಕೆ ಬರಲು ನೆರವಾಗುತ್ತಾರೆ) ಕಳುಹಿಸುವಂತೆ ಕೋರುವುದೇ ಮೇಲೆಂದು ನನ್ನ ಅಭಿಪ್ರಾಯ. ಅಲ್ಲಿ ಆಡಿದ ಮಾತು ಗೋಪ್ಯವಾಗಿರುತ್ತದೆ (ನಂಟರ ಪಂಚಾಯ್ತಿಯಲ್ಲಿ ಆ ಭಾಗ್ಯವಿಲ್ಲ).

ಇಂತಹ ಮಧ್ಯಸ್ಥಿಕೆಯಲ್ಲಿ ಪಾಲ್ಗೊಂಡವರು ಅಥವಾ ವಕೀಲರು ದಯವಿಟ್ಟು ತಿಳಿಸಿ: ದೂರದ ಊರಿನಲ್ಲಿರುವವರಿಗೆ ವಿಡಿಯೊ ಮೂಲಕ ಹಾಜರಾಗಲು ಅವಕಾಶ ಸಿಕ್ಕಿತೇ? ರಜೆಯಲ್ಲಿ ತಂದೆ ಮಗನನ್ನು ಕರೆದೊಯ್ಯುವ ಷರತ್ತನ್ನು ಮುಂದೆ ತಕರಾರು ಬಾರದಂತೆ ಒಪ್ಪಂದದಲ್ಲಿ ಹೇಗೆ ಬರೆಸಿದಿರಿ? ಪರಸ್ಪರ ಸಮ್ಮತಿಯ ಅರ್ಜಿಯಲ್ಲಿ ಆರು ತಿಂಗಳ ಕಾಯುವ ಅವಧಿಯನ್ನು ಮನ್ನಾ ಮಾಡಿಸಲು, 2017ರ ಸುಪ್ರೀಂ ಕೋರ್ಟ್ ತೀರ್ಪಿನ ಆಧಾರದಲ್ಲಿ, ಪ್ರತ್ಯೇಕ ಮನವಿ ಸಲ್ಲಿಸಿದಿರೇ?