ತೊಗಲು ಶೆಡ್ಡಿನ ನೀರು: ಭಾನುವಾರ ಬಾಟಲಿ ತನ್ನಿ

1ನೇ ಕ್ರಾಸ್ ಬೋರ್‌ವೆಲ್ ಮನೆ (ಗುರುವಾರ ರಾತ್ರಿ 9:04)
ಹೊಸತೊಡಕು ಆಗಿ ವಾರ ಆಯ್ತು, ಬಡಾವಣೆ ಪಕ್ಕದ ತೊಗಲು ಶೆಡ್ಡಿನ ವಾಸನೆ ಇನ್ನೂ ಇಳಿದಿಲ್ಲ. ಇವತ್ತು ಇನ್ನೊಂದು ಶುರುವಾಗಿದೆ. ಬೆಳಗ್ಗೆ ಕಾಫಿ ಬಾಯಿಗಿಟ್ರೆ ಉಪ್ಪುಪ್ಪು. ಸಕ್ಕರೆ ಬದಲು ಉಪ್ಪು ಹಾಕಿದ್ದಾಳೆ ಅಂತ ಮನೆಯವಳಿಗೆ ಬೈದೆ. ಆಮೇಲೆ ಬೋರ್ ನೀರು ಕುಡಿದು ನೋಡಿದ್ರೆ ಅದೇ ರುಚಿ! ತುಳಸಿ ಒಣಗಿ ಹತ್ತು ದಿನ ಆಗಿತ್ತು, ಬಿಸಿಲಿಗೆ ಇರಬೇಕು ಅಂದ್ಕೊಂಡು ಸುಮ್ಮನಿದ್ದೆ.

ಮೂಲೆಮನೆ ಅಕ್ಕ (9:07)
ಮೊದಲು ಒಳಗೆ ಹೋಗಿ ಅವಳ ಹತ್ರ ತಪ್ಪಾಯ್ತು ಅನ್ನಿ. ನೀರಿನ ವಿಷಯ ಆಮೇಲೆ.

3ನೇ ಕ್ರಾಸ್ ಕಂಟ್ರಾಕ್ಟರ್ (9:15)
ಆ ಶೆಡ್ ಎತ್ತಂಗಡಿ ಮಾಡಿಸ್ಬೇಕು ಅಂತ ಎಷ್ಟು ಸಲ ಬಡ್ಕೊಂಡೆ. ಹಾಸನಾಂಬ ಬಾಗಿಲು ತೆಗೆದಾಗ ಬೆಂಗಳೂರಿಂದ ಬಂದ ನೆಂಟರು ಮೂಗು ಮುಚ್ಕೊಂಡು ಊಟ ಮಾಡಿದ್ರು. ಈಗ ನೀರಿಗೂ ಕ್ರೋಮಿಯಂ ಬಂತು. ಕ್ಯಾನ್ಸರ್ ಗ್ಯಾರಂಟಿ, ವಿಡಿಯೋ ಹಾಕಿದ್ದೀನಿ ನೋಡಿ. ಆ ಜನರನ್ನ ಬಡಾವಣೆ ಪಕ್ಕ ಬಿಟ್ಕೊಂಡಿದ್ದೇ ತಪ್ಪು.

ಅಡ್ಮಿನ್ (9:18)
ವಿಡಿಯೋ ತೆಗೆದಿದ್ದೀನಿ. ಕೊನೇ ಸಾಲನ್ನ ನೀವೇ ತೆಗೆದ್ರೆ ಒಳ್ಳೇದು.

ಕೆಮಿಸ್ಟ್ರಿ ಮೇಷ್ಟ್ರು (9:41)
ಕ್ಯಾನ್ಸರ್ ಅಂತ ಹೆದರಿಸೋ ಮುಂಚೆ ಶೆಡ್ಡಲ್ಲಿ ಏನು ನಡೆಯುತ್ತೆ ಅಂತ ತಿಳ್ಕೊಳೋಣ. ಅಲ್ಲಿ ಯಾರೂ ತೊಗಲು ಹದ ಮಾಡಲ್ಲ. ಈ ಬಿಸಿಲಲ್ಲಿ ಹಸಿ ತೊಗಲು ಕೆಲವೇ ಗಂಟೆಗೆ ಕೊಳೆಯೋಕೆ ಶುರುವಾಗುತ್ತೆ. ಅದಕ್ಕೆ ಉಪ್ಪು ಉಜ್ಜಿ ಒಂದರ ಮೇಲೊಂದು ಪೇರಿಸ್ತಾರೆ. ನೂರು ಕೆಜಿ ತೊಗಲಿಗೆ ಸುಮಾರು 40 ಕೆಜಿ ಉಪ್ಪು ಬೇಕು. ಉಪ್ಪು ತೊಗಲಿನೊಳಗಿನ ನೀರನ್ನ ಎಳೆದು ಹೊರಗೆ ಹಾಕುತ್ತೆ. ರಕ್ತ ಬೆರೆತ ಆ ಉಪ್ಪುನೀರು ಮಣ್ಣಿನ ನೆಲದ ಮೇಲೆ ಬಿದ್ದು, ಅರ್ಧ ಇಂಗಿ, ಅರ್ಧ ಚರಂಡಿಗೆ ಹೋಗ್ತಿದೆ. ನಿಮ್ಮ ಕಾಫಿಗೆ ಬಂದಿರೋದು ಬಹುಶಃ ಅದೇ.

ಕ್ರೋಮಿಯಂ ಬರೋದು ಆಮೇಲೆ, ತೊಗಲು ಹದ ಮಾಡೋ ಕಾರ್ಖಾನೆ, ಅಂದ್ರೆ ಟ್ಯಾನರಿಯ ಡ್ರಮ್ಮಲ್ಲಿ. ಇಲ್ಲಿಂದ ಲೋಡು ಹೋಗೋದು ತಮಿಳುನಾಡಿನ ಆಂಬೂರು, ವಾಣಿಯಂಬಾಡಿ ಕಡೆಗೆ. ಅಲ್ಲಿ ತೊಗಲು ನೆನೆಹಾಕಿದಾಗ ನಮ್ಮೂರಿನ ಉಪ್ಪೂ ಬಿಟ್ಕೊಳುತ್ತೆ, ಅದರ ಮೇಲೆ ಕೂದಲು ತೆಗೆಯೋ ಸುಣ್ಣ, ಸಲ್ಫೈಡ್, ಹದ ಮಾಡೋ ಕ್ರೋಮ್. ಒಂದು ಕೆಜಿ ತೊಗಲಿಗೆ 30ರಿಂದ 40 ಲೀಟರ್ ನೀರು. ನಂದಿಬೆಟ್ಟದ ಸೀಮೆಯಲ್ಲಿ ಹುಟ್ಟಿ ಹೋದ ಪಾಲಾರ್ ನದಿ ಅಲ್ಲಿ ಕೆಟ್ಟಿದ್ದು ಹಾಗೆ. ಕೆಡಿಸಿದವನೇ ದಂಡ ತೆರಬೇಕು ಅಂತ ಸುಪ್ರೀಂ ಕೋರ್ಟ್ 1996ರಲ್ಲೇ ಹೇಳಿತ್ತು. 2015ರ ಜನವರಿಯಲ್ಲಿ ಅದೇ ಸೀಮೆಯ ರಾಣಿಪೇಟೆಯಲ್ಲಿ ಟ್ಯಾನರಿಗಳ ಕೊಳಚೆ ತೊಟ್ಟಿಯ ಗೋಡೆ ಒಡೆದು, ಪಕ್ಕದಲ್ಲಿ ಮಲಗಿದ್ದ 10 ಜನ ಸತ್ತರು. ಪರಿಹಾರ ಕೊಡಿ, ನದಿ ಸರಿಮಾಡಿ ಅಂತ ಅದೇ ಕೋರ್ಟು 2025ರಲ್ಲಿ ಮತ್ತೆ ಹೇಳಬೇಕಾಯ್ತು. ಎತ್ತಂಗಡಿ ಅಂತೀರಲ್ಲ, ಎತ್ತಿ ಯಾರ ಬಾವಿ ಪಕ್ಕ ಇಡೋದು?

2ನೇ ಕ್ರಾಸ್ ಬ್ಯಾಂಕ್ ಮೇಡಂ (9:44)
ಹೊಸತೊಡಕಿನ ದಿನ ಬೆಳಗ್ಗೆ ಆರಕ್ಕೇ ಮಟನ್ ಅಂಗಡಿ ಮುಂದೆ ಕ್ಯೂ ನಿಂತಿದ್ದು ನಾವೇ ಅಲ್ವಾ? ತೊಗಲು ಎಲ್ಲಿಗೆ ಹೋಗುತ್ತೆ ಅಂತ ಒಬ್ರೂ ಕೇಳಲಿಲ್ಲ. (ನಾನೂ ಕೇಳಲಿಲ್ಲ.)

ರಿಟೈರ್ಡ್ ಪೋಸ್ಟ್‌ಮಾಸ್ಟ್ರು (10:20)
ಬರೀಬೇಕೋ ಬೇಡ್ವೋ ಅಂತ ಅರ್ಧ ಗಂಟೆ ಕೂತಿದ್ದೆ. "ಆ ಜನ" ಅಂದ್ರಲ್ಲ ಕಂಟ್ರಾಕ್ಟರ್, ನಾನೂ ಅದೇ ಜನ. ಹದಿನೆಂಟು ವರ್ಷದಿಂದ ನಿಮ್ಮ ಎದುರು ಮನೇಲಿದ್ದೀನಿ.

ನಮ್ಮಜ್ಜ ತೊಗಲು ಹದ ಮಾಡೋರು. ಸುಣ್ಣದ ಗುಂಡಿಗೆ ಇಳಿಸಿ, ಕೂದಲು ಹೆರೆದು, ತಂಗಡಿ ಚಕ್ಕೆ, ಅಳಲೆಕಾಯಿ ಕುಟ್ಟಿ ಹಾಕಿದ ನೀರಲ್ಲಿ ವಾರಗಟ್ಟಲೆ ಇಡೋರು. ಕಪಿಲೆ ಬಾವಿಗೆ ತೊಗಲಿನ ಚೀಲ, ನೇಗಿಲಿಗೆ ಮಿಣಿ, ಹಬ್ಬಕ್ಕೆ ತಮಟೆ, ಎಲ್ಲಾ ಆ ಕೈಯಿಂದ್ಲೇ. ಗೌಡ್ರಿಗೆ ಎಕ್ಕಡ ಮಾಡಿ ಕೊಡೋರು, ಆದ್ರೆ ಕೊಡೋಕೆ ಹೋದಾಗ ಜಗಲಿ ಹತ್ತೋ ಹಾಗಿರಲಿಲ್ಲ. ಸುಣ್ಣ ತಿಂದ ಆ ಬೆರಳು ನನಗೆ ಇನ್ನೂ ಕಣ್ಣಲ್ಲಿದೆ. ಆ ಕೈಗೆ ಪೆನ್ನು ಹಿಡಿಸಲಿಲ್ಲ ಅಂತ ನನ್ನ ಕೈಗೆ ಹಿಡಿಸಿದ್ರು.

ಶೆಡ್ ಹಿಂದೆ ಎಂಟು ಮನೆ ಇವೆ. ಉಪ್ಪು ಉಜ್ಜೋರು ಅವರೇ, ಬರಿಗೈಲಿ. ಅವರಿಗೆ ಇರೋದು ಒಂದು ಕೈಪಂಪು. ನಮಗೆ ಕಾಫಿ ಉಪ್ಪಾಗಿದ್ದು ಇವತ್ತು. ಅವರ ನೀರು ಯಾರಾದ್ರೂ ಕುಡಿದು ನೋಡಿದ್ದೀರಾ?

ಮೂಲೆಮನೆ ಅಕ್ಕ (10:26)
ಇಲ್ಲ ಸಾರ್. ಅಡ್ಮಿನ್, ಅವರಲ್ಲಿ ಒಬ್ಬರನ್ನ ಗುಂಪಿಗೆ ಸೇರಿಸಿ.

*3ನೇ ಕ್ರಾಸ್ ಕಂಟ್ರಾಕ್ಟರ್ ಒಂದು ಸಂದೇಶ ಅಳಿಸಿದ್ದಾರೆ.*

3ನೇ ಕ್ರಾಸ್ ಕಂಟ್ರಾಕ್ಟರ್ (ಶುಕ್ರವಾರ ಬೆಳಗ್ಗೆ 6:50)
ವಾಕಿಂಗ್ ಹೋದಾಗ ನೋಡ್ಕೊಂಡು ಬಂದೆ. ಶೆಡ್ಡಿನ ನೆಲ ರಾಜಕಾಲುವೆ ಕಡೆಗೆ ವಾಟ ಇದೆ, ಅದೇ ಎಡವಟ್ಟು. ಸಿಮೆಂಟ್ ನೆಲ ಹಾಕಿ ಒಳಮುಖಕ್ಕೆ ಇಳಿಜಾರು ಕೊಟ್ಟು, ಮೂಲೇಲಿ ತೊಟ್ಟಿ ಕಟ್ಟಿದ್ರೆ ಒಂದು ಹನಿ ಆಚೆ ಬರಲ್ಲ. ಎಸ್ಟಿಮೇಟ್ ಬರೆದುಕೊಡ್ತೀನಿ, ದುಡ್ಡು ಬೇಡ. ಪೋಸ್ಟ್‌ಮಾಸ್ಟ್ರೇ, ಸಂಜೆ ಮನೇಲಿರ್ತೀರಾ?

ರಿಟೈರ್ಡ್ ಪೋಸ್ಟ್‌ಮಾಸ್ಟ್ರು (7:02)
ಇರ್ತೀನಿ.

ಕೆಮಿಸ್ಟ್ರಿ ಮೇಷ್ಟ್ರು (7:30)
ತೊಟ್ಟಿ ನೀರನ್ನ ಅಗಲದ ಬಾಣಲೆ ಥರದ ಕಟ್ಟೇಲಿ ಬಿಸಿಲಿಗೆ ಒಣಗಿಸಬಹುದು, ಮೇಲೆ ಮಳೆಗೆ ಸೂರು ಇರಬೇಕು. ನೆಲಕ್ಕೆ ಬಿದ್ದ ಉಪ್ಪು ಗುಡಿಸಿ ತುಂಬಬೇಕು, ಈಗಿನ ಥರ ಪೈಪ್ ಹಿಡಿದು ತೊಳೆಯಬಾರದು. ಮಾಲೀಕರ ಹತ್ರ ಹೋಗೋ ಮುಂಚೆ ಕೈಯಲ್ಲಿ ಲ್ಯಾಬ್ ರಿಪೋರ್ಟ್ ಇರಲಿ. ಬರೀ ವಾಸನೆ ಅಂದ್ರೆ ನಕ್ಕು ಕಳಿಸ್ತಾರೆ. ಕುಡಿಯೋ ನೀರಲ್ಲಿ ಕರಗಿದ ಲವಣ ಲೀಟರಿಗೆ 500 ಮಿಲಿಗ್ರಾಂ ಒಳಗಿರಬೇಕು, ಬೇರೆ ಗತಿ ಇಲ್ಲದಿದ್ರೆ 2000ದವರೆಗೆ. ಕ್ಲೋರೈಡ್, ಅಂದ್ರೆ ಉಪ್ಪಿನ ಅಂಶ, 250. ಕ್ರೋಮಿಯಂ 0.05, ಅದನ್ನೂ ನೋಡಿಸಿಬಿಡೋಣ, ಅನುಮಾನ ಬೇಡ. ಅವರು ಒಪ್ಪದಿದ್ರೆ ಅದೇ ರಿಪೋರ್ಟ್ ಹಿಡಿದು ಮಾಲಿನ್ಯ ನಿಯಂತ್ರಣ ಮಂಡಳಿಗೆ ಅರ್ಜಿ.

ಬಾಟಲಿ ಅದೇ ನೀರಲ್ಲಿ ಮೂರು ಸಲ ಗಲಬರಿಸಿ. ಮೋಟ್ರು ಐದು ನಿಮಿಷ ಓಡಿದ ಮೇಲೆ ತುಂಬಿ. ಮೇಲೆ ಮನೆ, ದಿನ, ಹೊತ್ತು ಬರೀರಿ.

ಅಡ್ಮಿನ್ (8:10)
ಭಾನುವಾರ ಬೆಳಗ್ಗೆ 7ಕ್ಕೆ ಪಾರ್ಕ್ ಗೇಟ್. ಕ್ರಾಸಿಗೆ ಒಂದು ಬಾಟಲಿ, ಕೈಪಂಪಿಂದು ಒಂದು. ಶೆಡ್ ಹಿಂದಿನ ಮನೆಯಿಂದ ಒಬ್ಬರನ್ನ ಸೇರಿಸಿದ್ದೀನಿ.

ಶೆಡ್ ಹಿಂದಿನ ಮನೆ (8:34)
ನಮಸ್ಕಾರ. ಭಾನುವಾರವೇ ಲೋಡು ಜಾಸ್ತಿ, 7ಕ್ಕೆ ಬಂದ್ರೆ ನಾವು ಯಾರೂ ಸಿಗಲ್ಲ. 5ಕ್ಕೇ ಬನ್ನಿ. ಪಂಪಿನ ಹಿಡಿ ಗಟ್ಟಿ ಅದೆ, ಒತ್ತಕ್ಕೆ ಇಬ್ರು ಬೇಕು.