ಫ್ಲೈಟ್ ಸಿಮ್ಯುಲೇಟರ್‌ನಲ್ಲಿ ಕೆಳಗಿರುವ ಊರಿನ ಹೆಸರು ಕನ್ನಡದಲ್ಲಿ ಹೇಳುವ ಆಡ್‌ಆನ್: ಯಾವ ಪ್ರೋಗ್ರಾಮಿಂಗ್ ಭಾಷೆ ಹಿಡಿಯಲಿ?

ಗುಬ್ಬಿಮೇಷ್ಟ್ರು:

ಎಲ್ಲರಿಗೂ ನಮಸ್ಕಾರ. ನಾನು ಗುಬ್ಬಿ ತಾಲ್ಲೂಕಿನ ಹೈಸ್ಕೂಲೊಂದರಲ್ಲಿ ವಿಜ್ಞಾನ ಪಾಠ ಮಾಡುತ್ತೇನೆ. 2023ರ ಫೆಬ್ರವರಿಯಲ್ಲಿ ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯಿತಲ್ಲ, ಆಗಿನಿಂದ ಮಕ್ಕಳ ಬಾಯಲ್ಲಿ ಹಾರಾಟದ್ದೇ ಮಾತು.

ಮನೆಯಲ್ಲಿ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್ 2020 ಇದೆ, ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ತಂತ್ರಾಂಶ. ಕೆಲವು ಶನಿವಾರ ಮಕ್ಕಳು ಬಂದು ಸುತ್ತ ಕೂರುತ್ತಾರೆ. ದೇವನಹಳ್ಳಿಯ ಕೆಂಪೇಗೌಡ ವಿಮಾನ ನಿಲ್ದಾಣದಿಂದ ಸೆಸ್ನಾ 172 ಎಬ್ಬಿಸಿಕೊಂಡು ತುಮಕೂರಿನ ಕಡೆ ಹೊರಡುತ್ತೇವೆ. ಬೆಟ್ಟ ಕಾಣುತ್ತದೆ, ಕೆರೆ ಕಾಣುತ್ತದೆ. ಆದರೆ ಯಾವುದು ಯಾವುದು ಅಂತ ಹೇಳುವವರು ಯಾರೂ ಇಲ್ಲ. ಮಕ್ಕಳು ಕೇಳುವುದೇ ಅದನ್ನು: ಸಾರ್, ಇದು ಯಾವ ಊರು?

ಅದಕ್ಕೆ ಒಂದು ಆಡ್‌ಆನ್ ಮಾಡಬೇಕು ಅಂತ ಆಸೆ. ಹಾರುತ್ತಾ ಇರುವಾಗ ಒಂದು ಧ್ವನಿ ಕನ್ನಡದಲ್ಲಿ ಹೇಳಬೇಕು. ‘ಬಲಗಡೆ ದೇವರಾಯನದುರ್ಗ’, ‘ಎಡಗಡೆ ಶಿವಗಂಗೆ’, ‘ಕೆಳಗೆ ತುಮಕೂರು ಅಮಾನಿಕೆರೆ’. ಇಷ್ಟೇ.

ಕಾಲೇಜಿನಲ್ಲಿ ಸಿ ಕಲಿತಿದ್ದೆ. ಪೈಥಾನ್ ಮಕ್ಕಳಿಗೆ ಹೇಳಿಕೊಡುವಷ್ಟು ಗೊತ್ತು. ಹುಡುಕಿದರೆ ಒಬ್ಬರು ಸಿ ಪ್ಲಸ್ ಪ್ಲಸ್ ಅಂತಾರೆ, ಇನ್ನೊಬ್ಬರು ಸಿ ಶಾರ್ಪ್, ಮತ್ತೊಬ್ಬರು ಜಾವಾಸ್ಕ್ರಿಪ್ಟ್, ಲುವಾ, ರಸ್ಟ್. ಬೇಸಿಗೆ ರಜೆಯಲ್ಲಿ ಕೂತು ಕಲಿಯಲು ನಾನು ತಯಾರಿದ್ದೇನೆ. ಆದರೆ ನಾನು ಕಲಿತದ್ದು ಮಕ್ಕಳ ಕೈಗೂ ದಾಟಬೇಕು. ಶಾಲೆಯ ಲ್ಯಾಬ್‌ನಲ್ಲಿ ಇರುವುದು ಸಾಧಾರಣ ಕಂಪ್ಯೂಟರ್‌ಗಳು, ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲ. ಯಾವುದನ್ನು ಹಿಡಿಯಲಿ?

ಹಳೇಗೇಜ್:

ಸಿ ಪ್ಲಸ್ ಪ್ಲಸ್ ಹಿಡಿಯಿರಿ ಮೇಷ್ಟ್ರೇ. 2006ರಲ್ಲಿ ಮೈಕ್ರೋಸಾಫ್ಟ್‌ನ ಹಳೆಯ ಸಿಮ್ಯುಲೇಟರ್ ಎಫ್‌ಎಸ್‌ಎಕ್ಸ್ ಜೊತೆ ಸಿಮ್‌ಕನೆಕ್ಟ್ ಬಂತು, ಬೇರೆ ಪ್ರೋಗ್ರಾಮ್‌ಗಳು ಸಿಮ್ಯುಲೇಟರ್ ಜೊತೆ ಮಾತಾಡುವ ದಾರಿ. ಅದು ಇರುವುದೇ ಸಿ ಫಂಕ್ಷನ್‌ಗಳ ರೂಪದಲ್ಲಿ. ಎಕ್ಸ್‌ಪ್ಲೇನ್ ಅನ್ನುವ ಇನ್ನೊಂದು ಸಿಮ್ಯುಲೇಟರ್‌ನ ಎಸ್‌ಡಿಕೆ (ಆಡ್‌ಆನ್ ಬರೆಯುವವರಿಗೆ ಕೊಡುವ ಸಾಮಗ್ರಿ) ಕೂಡ ಸಿ. ಈಗಿನ ಮೈಕ್ರೋಸಾಫ್ಟ್ ಸಿಮ್ಯುಲೇಟರ್ ಒಳಗೆ ಓಡುವ ವೆಬ್‌ಅಸೆಂಬ್ಲಿ ಮಾಡ್ಯೂಲ್‌ಗಳನ್ನೂ ಎಸ್‌ಡಿಕೆ ಪ್ರಕಾರ ಬರೆಯುವುದು ಸಿ, ಸಿ ಪ್ಲಸ್ ಪ್ಲಸ್‌ನಲ್ಲೇ. ಒಂದನ್ನು ಚೆನ್ನಾಗಿ ಕಲಿತರೆ ಎಲ್ಲಾ ಕಡೆ ನಡೆಯುತ್ತದೆ. ನಿಮಗೆ ಸಿ ಮೊದಲೇ ಗೊತ್ತಿದೆ, ಜಾಸ್ತಿ ಕಷ್ಟ ಆಗಲ್ಲ.

ನಂದಿತಪ್ಪಲು:

ಮೇಷ್ಟ್ರೇ, ನಾನು ಚಿಕ್ಕಬಳ್ಳಾಪುರದವಳು. ಕೆಲಸ ಸಾಫ್ಟ್‌ವೇರ್‌ನದು, ಸಂಜೆ ಸಿಮ್ಯುಲೇಟರ್. ಹಳೇಗೇಜ್ ಹೇಳಿದ್ದರಲ್ಲಿ ಒಂದೂ ತಪ್ಪಿಲ್ಲ. ಆದರೆ ಆ ಸಲಹೆ ಸಿಮ್ಯುಲೇಟರ್‌ಗೆ ಹೊಸ ವಿಮಾನವನ್ನೇ ಕಟ್ಟುವವರಿಗೆ. ನಿಮ್ಮ ಕೆಲಸ ಬೇರೆ.

ಯಾವ ಭಾಷೆ ಅನ್ನುವುದಕ್ಕಿಂತ ಮೊದಲು, ಕೋಡ್ ಎಲ್ಲಿ ಕೂತು ಓಡಬೇಕು ಅಂತ ಕೇಳಿಕೊಳ್ಳಿ. ಅದು ತೀರ್ಮಾನ ಆದರೆ ಭಾಷೆ ತಾನಾಗೇ ತೀರ್ಮಾನ ಆಗುತ್ತದೆ.

ಕಾಕ್‌ಪಿಟ್ ಒಳಗಿನ ಪರದೆಗಳಿಗೆ ಮೈಕ್ರೋಸಾಫ್ಟ್ ಸಿಮ್‌ನಲ್ಲಿ ಎಚ್‌ಟಿಎಂಎಲ್, ಜಾವಾಸ್ಕ್ರಿಪ್ಟ್ ಬೇಕು. ವಿಮಾನದ ಒಳಗಿನ ವ್ಯವಸ್ಥೆಗಳು ಸಿಮ್ ಜೊತೆಗೇ ಓಡಬೇಕು ಅಂದರೆ ವೆಬ್‌ಅಸೆಂಬ್ಲಿ. ಫ್ಲೈಬೈವೈರ್ ಅನ್ನುವ ತಂಡ ಈ ಸಿಮ್‌ಗೆ ಮಾಡಿದ ಎ320 ವಿಮಾನ ನೋಡಿ. ಪರದೆಗಳು ಟೈಪ್‌ಸ್ಕ್ರಿಪ್ಟ್, ಹೈಡ್ರಾಲಿಕ್ಸ್, ವಿದ್ಯುತ್ತಿನಂಥ ವ್ಯವಸ್ಥೆಗಳು ರಸ್ಟ್, ಹಾರಾಟದ ನಿಯಂತ್ರಣ ಸಿ ಪ್ಲಸ್ ಪ್ಲಸ್. ಒಂದೇ ವಿಮಾನದಲ್ಲಿ ಮೂರು. ಅದರ ಕೋಡ್ ಪೂರ್ತಿ ತೆರೆದಿದೆ, ಯಾರು ಬೇಕಾದರೂ ಓದಬಹುದು. ನನಗೆ ಅದನ್ನು ಓದುವುದೇ ಒಂದು ಖುಷಿ.

ನಿಮಗೆ ಬೇಕಾದದ್ದು ವಿಮಾನ ಎಲ್ಲಿದೆ, ಯಾವ ಕಡೆ ಮುಖ ಮಾಡಿದೆ ಅನ್ನುವ ಎರಡು ಮಾಹಿತಿ. ಅದಕ್ಕೆ ಒಳಗೆ ಕೂರಬೇಕಾಗಿಲ್ಲ. ಸಿಮ್ ಪಕ್ಕದಲ್ಲಿ ಬೇರೆ ಪ್ರೋಗ್ರಾಮ್ ಆಗಿ ಓಡುತ್ತಾ ಸಿಮ್‌ಕನೆಕ್ಟ್ ಮೂಲಕ ಕೇಳಿದರೆ ಸಾಕು. ಇಲ್ಲಿ ಎರಡು ಒಳ್ಳೆಯ ದಾರಿ ಇವೆ. ಸಿ ಶಾರ್ಪ್‌ಗೆ ಬೇಕಾದ ಲೈಬ್ರರಿ ಎಸ್‌ಡಿಕೆ ಜೊತೆಗೇ ಬರುತ್ತದೆ. ಪೈಥಾನ್‌ಗೆ ಹೊರಗಿನವರು ಬರೆದ ಲೈಬ್ರರಿ ಇದೆ, ‘ಪಿಪ್ ಇನ್‌ಸ್ಟಾಲ್’ ಮಾಡಿದರೆ ಬರುತ್ತದೆ. ನಾನು ಪೈಥಾನ್ ಅನ್ನುತ್ತೇನೆ, ಯಾಕಂದ್ರೆ ನಿಮ್ಮ ಮಕ್ಕಳಿಗೆ ಅದು ಆಗಲೇ ಪರಿಚಯ.

ಪೈಥಾನ್ ನಿಧಾನ ಅಂತ ಯಾರಾದರೂ ಹೆದರಿಸಿದರೆ ಈ ಲೆಕ್ಕ ತೋರಿಸಿ. ಸೆಸ್ನಾ 110 ನಾಟ್‌ನಲ್ಲಿ ಹೋಗುತ್ತಿದ್ದರೆ ಸೆಕೆಂಡಿಗೆ ಸುಮಾರು 57 ಮೀಟರ್ ಸಾಗುತ್ತದೆ. ನೀವು ಸೆಕೆಂಡಿಗೆ ಒಂದು ಸಲ ಜಾಗ ಕೇಳಿದರೂ ದೇವರಾಯನದುರ್ಗ ತಪ್ಪಿ ಹೋಗುವುದಿಲ್ಲ. ಈ ಕೆಲಸದಲ್ಲಿ ಸಿ ಪ್ಲಸ್ ಪ್ಲಸ್‌ನ ವೇಗ ಸುಮ್ನೆ ಉಳಿದುಹೋಗುತ್ತದೆ. ಆದರೆ ಒಂದು ಮಿತಿ ಇದೆ. ಹೀಗೆ ಹೊರಗೆ ಓಡುವ ಪ್ರೋಗ್ರಾಮ್ ಎಕ್ಸ್‌ಬಾಕ್ಸ್‌ನಲ್ಲಿ ನಡೆಯುವುದಿಲ್ಲ, ಪಿಸಿಯಲ್ಲಿ ಮಾತ್ರ.

ಇನ್ನು ಎಡ, ಬಲ ಹೇಗೆ ಗೊತ್ತಾಗಬೇಕು? ಇದು ನಿಮ್ಮ ಪಾಠದ ಕೆಲಸವೇ. ನಮ್ಮ ಅಕ್ಷಾಂಶದಲ್ಲಿ ಒಂದು ಡಿಗ್ರಿ ಅಕ್ಷಾಂಶ ಅಂದರೆ ಸುಮಾರು 111 ಕಿಲೋಮೀಟರ್, ಒಂದು ಡಿಗ್ರಿ ರೇಖಾಂಶ ಸುಮಾರು 108. ಇಪ್ಪತ್ತು ಕಿಲೋಮೀಟರ್ ಒಳಗಿನ ಲೆಕ್ಕಕ್ಕೆ ಭೂಮಿ ಗುಂಡಗಿದೆ ಅನ್ನುವುದನ್ನು ಮರೆತರೂ ನಡೆಯುತ್ತದೆ. ದೂರಕ್ಕೆ ಹತ್ತನೇ ತರಗತಿಯ ಪೈಥಾಗೊರಸ್, ದಿಕ್ಕಿಗೆ ತ್ರಿಕೋನಮಿತಿ ಸಾಕು.

ವಿಮಾನ 13.29, 77.30ರಲ್ಲಿದೆ, ಮುಖ ಉತ್ತರ ದಿಕ್ಕಿನಿಂದ ಬಲಕ್ಕೆ ಅಳೆದರೆ 283 ಡಿಗ್ರಿ ಅಂದುಕೊಳ್ಳಿ. ಅದು ಕೆಂಪೇಗೌಡ ನಿಲ್ದಾಣದಿಂದ ತುಮಕೂರಿಗೆ ನೇರ ದಾರಿ. ದೇವರಾಯನದುರ್ಗ 13.37, 77.21. ವಿಮಾನದಿಂದ ಅದರ ದಿಕ್ಕು ಸುಮಾರು 312 ಡಿಗ್ರಿ, ದೂರ 13 ಕಿಲೋಮೀಟರ್. 312ರಿಂದ 283 ಕಳೆದರೆ 29. ಅಂದರೆ ಬಲಗಡೆ, ಸ್ವಲ್ಪ ಮುಂದೆ. ಶಿವಗಂಗೆ 13.17, 77.22. ಅದರ ದಿಕ್ಕು ಸುಮಾರು 213. ಕಳೆದರೆ ಮೈನಸ್ 70, ಅದಕ್ಕೆ 360 ಸೇರಿಸಿದರೆ 290. ಕಳೆದು ಬಂದ ಸಂಖ್ಯೆ 180ಕ್ಕಿಂತ ಕಮ್ಮಿ ಇದ್ದರೆ ಬಲ, ಜಾಸ್ತಿ ಇದ್ದರೆ ಎಡ. ಪೈಥಾನ್‌ನಲ್ಲಿ ಶೇಕಡಾ ಚಿಹ್ನೆ ಹಾಕಿ 360ರಿಂದ ಭಾಗಿಸಿದ ಶೇಷ ಕೇಳಿದರೆ ಮೈನಸ್ ಸಂಖ್ಯೆಗೂ ಸರಿಯಾದ ಉತ್ತರ ಬರುತ್ತದೆ. ಸಿ ಭಾಷೆಯಲ್ಲಿ ಅದೇ ಚಿಹ್ನೆ ಮೈನಸ್ ಉಳಿಸಿಬಿಡುತ್ತದೆ. ನಿಮಗೆ ಸಿ ಅಭ್ಯಾಸ ಇರುವುದರಿಂದ ಮೊದಲೇ ಹೇಳಿದೆ.

ಎಚ್ಚರ ಬೇಕಾದ ಜಾಗ ಒಂದು: ‘ಪ್ಲೇನ್ ಹೆಡಿಂಗ್ ಡಿಗ್ರೀಸ್ ಟ್ರೂ’ ಅನ್ನುವ ವೇರಿಯಬಲ್. ಹೆಸರಿನಲ್ಲಿ ಡಿಗ್ರಿ ಇದ್ದರೂ ಎಸ್‌ಡಿಕೆ ಪಟ್ಟಿಯಲ್ಲಿ ಅದರ ಅಳತೆ ರೇಡಿಯನ್. ಬರುವ ಸಂಖ್ಯೆ ಯಾವತ್ತೂ 6.28 ದಾಟದಿದ್ದರೆ ರೇಡಿಯನ್ ಅಂತ ತಿಳಿದುಕೊಳ್ಳಿ. ಎತ್ತರ ಕೂಡ ಹಾಗೇ. ಸಮುದ್ರ ಮಟ್ಟದಿಂದ ಎತ್ತರ ಬೇರೆ, ನೆಲದಿಂದ ಎತ್ತರ ಬೇರೆ. ಕೆಂಪೇಗೌಡ ನಿಲ್ದಾಣದ ರನ್‌ವೇ ಮೇಲೆ ನಿಂತಿದ್ದರೂ ವಿಮಾನದ ಎತ್ತರಮಾಪಕ ಸುಮಾರು 3,000 ಅಡಿ ತೋರಿಸುತ್ತದೆ. ‘ಕೆಳಗೆ ಅಮಾನಿಕೆರೆ’ ಅನ್ನಲು ನಿಮಗೆ ಬೇಕಿರುವುದು ನೆಲದಿಂದ ಎಷ್ಟು ಅನ್ನುವುದು.

ಧ್ವನಿಗೆ ಇಸ್ಪೀಕ್ ಎನ್‌ಜಿ ಅನ್ನುವ ಉಚಿತ ತಂತ್ರಾಂಶ ಕನ್ನಡ ಓದುತ್ತದೆ, ಆದರೆ ಯಂತ್ರದ ದನಿ. ನನ್ನ ಮಾತು ಕೇಳಿ, ಮಕ್ಕಳ ದನಿಯಲ್ಲೇ ರೆಕಾರ್ಡ್ ಮಾಡಿ. ಒಂದೊಂದು ಊರಿಗೆ ಒಂದೊಂದು ವೇವ್ ಫೈಲ್. ಆ ಊರಿನ ಮಗುವೇ ಹೇಳಲಿ. ಒಂದು ಸಲ ಹೇಳಿದ ಊರನ್ನು ನೆನಪಿಟ್ಟುಕೊಂಡು, ಅಲ್ಲಿಂದ 25 ಕಿಲೋಮೀಟರ್ ದೂರ ಹೋಗುವ ತನಕ ಮತ್ತೆ ಹೇಳದ ಹಾಗೆ ಬರೆಯಿರಿ. ಇಲ್ಲದಿದ್ದರೆ ಸೆಕೆಂಡಿಗೊಮ್ಮೆ ದೇವರಾಯನದುರ್ಗ ಅನ್ನುತ್ತಲೇ ಇರುತ್ತದೆ.

ಏಕಶಿಲೆ:

ಮಧುಗಿರಿಯಿಂದ. ಲ್ಯಾಬ್ ವಿಷಯ ಯಾರೂ ಮುಟ್ಟಲಿಲ್ಲ, ಅದಕ್ಕೆ ಬರೆಯುತ್ತಿದ್ದೇನೆ.

ಶಾಲೆಗೆ ಫ್ಲೈಟ್‌ಗೇರ್ ಅನ್ನುವ ಸಿಮ್ಯುಲೇಟರ್ ಹಾಕಿ. ದುಡ್ಡಿಲ್ಲ, ತೆರೆದ ತಂತ್ರಾಂಶ, ವಿಂಡೋಸ್‌ನಲ್ಲೂ ಲಿನಕ್ಸ್‌ನಲ್ಲೂ ಓಡುತ್ತದೆ. ಗ್ರಾಫಿಕ್ಸ್ ಸೆಟ್ಟಿಂಗ್ ಪೂರ್ತಿ ತಗ್ಗಿಸಿ ಒಂದು ಕಂಪ್ಯೂಟರ್‌ನಲ್ಲಿ ಮೊದಲು ಪರೀಕ್ಷೆ ಮಾಡಿ. ಅದರ ಒಳಗಿನ ಸ್ಕ್ರಿಪ್ಟ್ ಭಾಷೆ ನಾಸಲ್. ಚಿಕ್ಕ ಭಾಷೆ, ಜಾವಾಸ್ಕ್ರಿಪ್ಟ್ ಗೊತ್ತಿದ್ದವರಿಗೆ ಬೇಗ ಹತ್ತುತ್ತದೆ. ಆದರೆ ಫ್ಲೈಟ್‌ಗೇರ್ ಬಿಟ್ಟು ಹೊರಗೆ ಅದನ್ನು ಬಳಸುವ ಕಡೆ ಕಾಣೆ. ಮಕ್ಕಳಿಗೆ ಅದನ್ನು ಕಲಿಸುವುದು ಬೇಡ.

ಬದಲಿಗೆ, ಫ್ಲೈಟ್‌ಗೇರ್ ಶುರು ಮಾಡುವಾಗ ಎಚ್‌ಟಿಟಿಪಿ ಆಯ್ಕೆ ಹಾಕಿದರೆ ಅದು ಒಂದು ಚಿಕ್ಕ ವೆಬ್ ಸರ್ವರ್ ತೆರೆಯುತ್ತದೆ. ಅಕ್ಷಾಂಶ, ರೇಖಾಂಶ, ನೆಲದಿಂದ ಎತ್ತರ, ಎಲ್ಲಾ ಪ್ರಾಪರ್ಟಿ ಟ್ರೀ ಅನ್ನುವ ಒಂದೇ ಮರದಲ್ಲಿ ಇರುತ್ತವೆ. ಬ್ರೌಸರ್‌ನಲ್ಲೇ ತೆರೆದು ನೋಡಬಹುದು, ವಿಮಾನ ಸಾಗಿದಂತೆ ಸಂಖ್ಯೆ ಬದಲಾಗುತ್ತದೆ. ಪೈಥಾನ್ ಅದೇ ವಿಳಾಸದಿಂದ ಓದಿಕೊಳ್ಳುತ್ತದೆ. ಅಂದರೆ ಮೇಷ್ಟ್ರ ಮನೆಯ ಸಿಮ್‌ಗೂ ಶಾಲೆಯ ಸಿಮ್‌ಗೂ ಒಂದೇ ಪ್ರೋಗ್ರಾಮ್. ಜಾಗ ಓದುವ ಒಂದು ಫಂಕ್ಷನ್ ಮಾತ್ರ ಎರಡು ಥರ ಬರೆಯಬೇಕು. ಎಡ ಬಲದ ಲೆಕ್ಕ, ಧ್ವನಿ, ಊರಿನ ಪಟ್ಟಿ ಎಲ್ಲಾ ಹಾಗೇ ಇರುತ್ತವೆ. ನನ್ನ ಮಟ್ಟಿಗೆ ಪೈಥಾನ್‌ಗೆ ಇದಕ್ಕಿಂತ ದೊಡ್ಡ ಕಾರಣ ಬೇಡ.

ಕೋಲಾರಲಿನಕ್ಸ್:

ನಾನು ಎಕ್ಸ್‌ಪ್ಲೇನ್ ಕಡೆಯವನು. ಅಲ್ಲಿ ಇದೇ ಕೆಲಸಕ್ಕೆ ಲುವಾ ಭಾಷೆಯ ಸ್ಕ್ರಿಪ್ಟ್ ಓಡಿಸುವ ಫ್ಲೈವಿತ್‌ಲುವಾ ಪ್ಲಗಿನ್ ಸಾಕು. ‘ಡು ಆಫನ್’ ಅನ್ನುವ ಫಂಕ್ಷನ್‌ಗೆ ನಿಮ್ಮ ಕೋಡ್ ಕೊಟ್ಟರೆ ಸೆಕೆಂಡಿಗೊಮ್ಮೆ ಓಡಿಸುತ್ತದೆ. ವೇವ್ ಫೈಲ್ ನುಡಿಸುವ ಸೌಲಭ್ಯವೂ ಒಳಗೇ ಇದೆ. ಸಿಮ್ ಮುಚ್ಚದೆ ಸ್ಕ್ರಿಪ್ಟ್ ಮತ್ತೆ ಲೋಡ್ ಮಾಡಬಹುದು, ತಿದ್ದಿ ನೋಡುವವರಿಗೆ ಇದು ದೊಡ್ಡ ಅನುಕೂಲ. ಆದರೆ ಮೇಷ್ಟ್ರ ಹತ್ತಿರ ಎಕ್ಸ್‌ಪ್ಲೇನ್ ಇಲ್ಲವಲ್ಲ. ಇದಕ್ಕೋಸ್ಕರ ಕೊಳ್ಳಬೇಡಿ.

ಗುಬ್ಬಿಮೇಷ್ಟ್ರು:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಪೈಥಾನ್ ಅಂತ ತೀರ್ಮಾನ ಮಾಡಿದೆ. 29, 290 ಲೆಕ್ಕವನ್ನು ಬೋರ್ಡ್ ಮೇಲೆ ಹಾಕಿ ತೋರಿಸುತ್ತೇನೆ.

ಇನ್ನೆರಡು ಪ್ರಶ್ನೆ. ಮಕ್ಕಳು ಮುಂದೆ ಎಚ್‌ಎಎಲ್‌ನ ಲಘು ಹೆಲಿಕಾಪ್ಟರನ್ನೇ ಮಾಡೋಣ ಸಾರ್ ಅಂತಿದ್ದಾರೆ. ಅದಕ್ಕೂ ಪೈಥಾನ್ ಆಗುತ್ತಾ? ಎರಡನೆಯದು, ಊರಿನ ಪಟ್ಟಿಯನ್ನು ಮಕ್ಕಳೇ ತುಂಬಬೇಕು ಅಂತ ಎಕ್ಸೆಲ್‌ನಲ್ಲಿ ಕೊಟ್ಟಿದ್ದೇನೆ. ಸಿಎಸ್‌ವಿ ಮಾಡಿ ಪೈಥಾನ್‌ನಲ್ಲಿ ತೆರೆದರೆ ಕನ್ನಡ ಎಲ್ಲಾ ಚಿತ್ರವಿಚಿತ್ರ ಅಕ್ಷರ ಆಗುತ್ತಿದೆ.

ನಂದಿತಪ್ಪಲು:

ಹೆಲಿಕಾಪ್ಟರ್ ದೊಡ್ಡ ಕೆಲಸ, ಅಲ್ಲಿ ಪೈಥಾನ್ ಪಾತ್ರ ಕಮ್ಮಿ. ಆಕಾರ ಮಾಡುವುದು ಬ್ಲೆಂಡರ್ ಅನ್ನುವ 3ಡಿ ತಂತ್ರಾಂಶದಲ್ಲಿ. ನಿಮ್ಮಲ್ಲಿರುವ 2020ರ ಮೈಕ್ರೋಸಾಫ್ಟ್ ಸಿಮ್‌ಗೆ ಹೆಲಿಕಾಪ್ಟರ್‌ಗಳು ಅಧಿಕೃತವಾಗಿ ಬಂದದ್ದೇ 2022ರ ನವೆಂಬರ್‌ನಲ್ಲಿ. ಮಕ್ಕಳ ಜೊತೆ ಮಾಡುವುದಾದರೆ ಫ್ಲೈಟ್‌ಗೇರ್ ಹಿಡಿಯಿರಿ. ಅಲ್ಲಿ ಯಾಸಿಮ್ ಅನ್ನುವ ಹಾರಾಟದ ಮಾದರಿ ರೋಟರನ್ನೂ ಲೆಕ್ಕ ಹಾಕುತ್ತದೆ, ಅದನ್ನು ಬರೆಯುವುದು ಎಕ್ಸ್‌ಎಂಎಲ್‌ನಲ್ಲಿ. ತೂಕ, ರೋಟರ್ ಅಗಲ, ಎಂಜಿನ್ ಶಕ್ತಿ ತುಂಬುತ್ತಾ ಹೋದಂತೆ ಹಾರುವುದು ಹೇಗೆ ಬದಲಾಗುತ್ತದೆ ಅಂತ ಮಕ್ಕಳು ಕಣ್ಣಾರೆ ನೋಡುತ್ತಾರೆ. ಇದನ್ನು ಮುಂದಿನ ವರ್ಷಕ್ಕೆ ಇಟ್ಟುಕೊಳ್ಳಿ. ಮೊದಲು ಊರುಗಳು ಮಾತಾಡಲಿ.

ಸಿಎಸ್‌ವಿಗೆ: ಎಕ್ಸೆಲ್‌ನಲ್ಲಿ ಸೇವ್ ಮಾಡುವಾಗ ಬರೀ ಸಿಎಸ್‌ವಿ ಅಲ್ಲ, ‘ಸಿಎಸ್‌ವಿ ಯುಟಿಎಫ್-8’ ಆಯ್ಕೆ ಮಾಡಿ. ಪೈಥಾನ್‌ನಲ್ಲಿ ಫೈಲ್ ತೆರೆಯುವಾಗ ಎನ್‌ಕೋಡಿಂಗ್ ಜಾಗದಲ್ಲಿ ‘ಯುಟಿಎಫ್-8-ಸಿಗ್’ ಅಂತ ಕೊಡಿ. ಎಕ್ಸೆಲ್ ಫೈಲಿನ ಶುರುವಿನಲ್ಲಿ ಕಣ್ಣಿಗೆ ಕಾಣದ ಒಂದು ಗುರುತು ಸೇರಿಸುತ್ತದೆ. ‘ಸಿಗ್’ ಇದ್ದರೆ ಪೈಥಾನ್ ಅದನ್ನು ತೆಗೆದು ಓದುತ್ತದೆ. ಇಲ್ಲದಿದ್ದರೆ ಮೊದಲ ಕಾಲಂನ ಹೆಸರು ಹೊಂದಿಕೆ ಆಗುವುದಿಲ್ಲ. ಊರಿನ ಹೆಸರು ಕನ್ನಡದಲ್ಲೇ ಇರಲಿ. ವೇವ್ ಫೈಲ್‌ಗಳ ಹೆಸರು ಮಾತ್ರ ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಇಡಿ. ಪಟ್ಟಿ ತಯಾರಾದ ಮೇಲೆ ಇಲ್ಲಿ ಹಾಕಿ, ನಂದಿ ಬೆಟ್ಟದಿಂದ ಈ ಕಡೆಯ ಊರುಗಳನ್ನು ನಾನು ತುಂಬಿಕೊಡುತ್ತೇನೆ.